ಹೆರಿಗೆಯ ಚೀಲ

ನಮ್ಮ ಮನೆಯಲ್ಲಿ ಚೀಲ ತುಂಬುವ ಕೆಲಸ ಮೊದಲಿನಿಂದಲೂ ನನ್ನದೇ. ಮೂವತ್ತು ವರ್ಷ ಶಾಲೆಯಲ್ಲಿ ದುಡಿದವಳಿಗೆ ಚುನಾವಣೆ ಡ್ಯೂಟಿ, ಜನಗಣತಿ, ಮೌಲ್ಯಮಾಪನ, ಮಕ್ಕಳ ಪ್ರವಾಸ ಎಂದು ಆಗಾಗ ಚೀಲ ಕಟ್ಟಿ ಕಟ್ಟಿ ಕೈ ಪಳಗಿರುತ್ತದೆ. ಪ್ರವಾಸಕ್ಕೆ ಹೊರಟರೆ ನನ್ನ ಚೀಲದಲ್ಲಿ ಸೇಫ್ಟಿ ಪಿನ್ನಿನಿಂದ ಹಿಡಿದು ವಾಂತಿಗೆ ನಿಂಬೆಹಣ್ಣಿನವರೆಗೆ ಎಲ್ಲವೂ ಇರುತ್ತದೆಂದು ಸಹೋದ್ಯೋಗಿಗಳು ನಗುತ್ತಾರೆ. ನಕ್ಕವರೇ ಶಿರಾಡಿ ಘಾಟಿನ ಮೂರನೆಯ ತಿರುವಿನಲ್ಲಿ, 'ಮೇಡಂ, ಒಂದು ನಿಂಬೆಹಣ್ಣು' ಎಂದು ಕೈ ಚಾಚಿದ್ದೂ ಉಂಟು. ಇಂಥ ನಾನು 2024ರಲ್ಲಿ ಒಂದೇ ಒಂದು ಚೀಲ ತುಂಬುವುದಕ್ಕೆ ಎರಡು ವಾರ ಮೀನಮೇಷ ಎಣಿಸಿದೆ ಎಂದರೆ ನೀವು ನಂಬಬೇಕು.

ಮಗಳು ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ತಿಪಟೂರಿಗೆ ಬಂದಿದ್ದಳು. ಬಂದವಳು ಜತೆಗೆ ಲ್ಯಾಪ್‌ಟಾಪು ತಂದಿದ್ದಳು, ಎರಡು ಪುಟದ ಒಂದು ಪಟ್ಟಿಯನ್ನೂ ತಂದಿದ್ದಳು. ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಏನೇನಿರಬೇಕು ಎಂಬ ಪಟ್ಟಿ. ಮುಂದೆ ಗುಂಡಿ ಇರುವ ನೈಟಿ ಮೂರು, ಟವೆಲು ಎರಡು, ಚಪ್ಪಲಿ, ಪ್ಯಾಡು, ಫೋನಿನ ಚಾರ್ಜರು, ತುಟಿಗೆ ಹಚ್ಚುವ ಮುಲಾಮು. ಈ ಮುಲಾಮಿನ ಹತ್ತಿರ ನನಗೆ ನಗು ಬಂತು. ನಗಬಾರದಿತ್ತು. ನೋವು ತಿನ್ನುತ್ತಾ ಬಾಯಲ್ಲಿ ಉಸಿರು ಬಿಡುವಾಗ ತುಟಿ ಒಡೆಯುವುದು ನಿಜ. ನಮಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮೊದಲ ಪುಟದ ಸಾಮಾನನ್ನು ಒಂದೇ ಮಧ್ಯಾಹ್ನದಲ್ಲಿ ಜೋಡಿಸಿಟ್ಟೆ. ಎರಡನೆಯ ಪುಟ ಮಗುವಿನದು. ಅಂಗಿ ಆರು, ಕುಲಾವಿ ಎರಡು, ಕಾಲುಚೀಲ, ಸುತ್ತುವ ಬಟ್ಟೆ, ಹೊದಿಕೆ. 'ನಡಿಯಮ್ಮ, ಪೇಟೆಗೆ ಹೋಗಿ ತಂದುಬಿಡೋಣ' ಎಂದು ಮಗಳು ದಿನಾ ಕರೆಯುವಳು. ಇವತ್ತು ಅಮಾವಾಸ್ಯೆ ಎಂದೆ. ಮಳೆ ಎಂದೆ. ಸಂತೆಯ ದಿನ ನೂಕುನುಗ್ಗಲು ಎಂದೆ. ಸಮಾಜ ವಿಜ್ಞಾನ ಪಾಠ ಮಾಡುವವಳು, ಮೂಢನಂಬಿಕೆಯ ಮೇಲೆ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟು ಬಹುಮಾನ ಕೊಟ್ಟವಳು ನಾನು. 'ನೀನು ಅಮಾವಾಸ್ಯೆ ನೋಡೋದನ್ನ ಇದೇ ಮೊದಲು ನೋಡ್ತಿರೋದು' ಎಂದಳು ಮಗಳು.

ಹುಟ್ಟದ ಮಗುವಿಗೆ ಹೊಸ ಬಟ್ಟೆ ತರಬಾರದು ಎಂಬುದು ನಮ್ಮ ಕಡೆಯ ರೂಢಿ. ಹಳೆಯ ಸೀರೆ, ಪಂಚೆಯನ್ನು ಒಗೆದು ಬಿಸಿಲಿಗೆ ಹಾಕಿ ಹರಿದು ಇಟ್ಟುಕೊಂಡರೆ ಸಾಕು. ಅಂಗಿ, ಕುಲಾವಿ ಎಲ್ಲ ಆಮೇಲೆ. ತೀರಾ ಬೇಕೆಂದರೆ ಗಟ್ಟಿಮುಟ್ಟಾಗಿ ಬೆಳೆಯುತ್ತಿರುವ ಬೇರೆ ಮಗು ಹಾಕಿಬಿಟ್ಟದ್ದನ್ನು ಕೇಳಿ ತರಬೇಕು. ಇದರ ಹಿಂದಿರುವುದು ಶಾಸ್ತ್ರಕ್ಕಿಂತ ಅನುಭವ ಎಂದು ನನಗನ್ನಿಸುತ್ತದೆ. ನಮ್ಮಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ತಂದಿಟ್ಟ ಬಟ್ಟೆಯನ್ನು ಮತ್ತೆ ಮಡಿಸಿ ಒಳಗಿಡುವ ಸಂಕಟ ಯಾರಿಗೆ ಬೇಕು?

ಅವ್ವ ನನ್ನನ್ನು ಹೆತ್ತದ್ದು 1969ರಲ್ಲಿ, ಹಳ್ಳಿಯ ಮನೆಯ ಕತ್ತಲೆ ಕೋಣೆಯಲ್ಲಿ. ಆಗ ಚೀಲದ ಪ್ರಶ್ನೆಯೇ ಇಲ್ಲ. ಹಂಡೆಯಲ್ಲಿ ಬಿಸಿನೀರು, ಹರಳೆಣ್ಣೆ, ಹಳೆ ಸೀರೆ, ದಾರ, ಹೊಸ ಬ್ಲೇಡು. ಸೂಲಗಿತ್ತಿ ಬರಿಗೈಯಲ್ಲಿ ಬಂದು ಬರಿಗೈಯಲ್ಲೇ ಹೋಗುತ್ತಿದ್ದಳು. ಕೊಟ್ಟರೆ ಒಂದಿಷ್ಟು ರಾಗಿ, ಎಲೆ ಅಡಿಕೆ. ನಮ್ಮ ಜಿಲ್ಲೆಯವರೇ ಆದ ಪಾವಗಡ ತಾಲ್ಲೂಕಿನ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವ್ವ ಟಿವಿಯ ಮುಂದೆ ಕುಳಿತು, ನನ್ನನ್ನು ಹೊರತೆಗೆದ ಆ ಮುದುಕಿಯನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡಳು. ಹಾಗೆಂದು ಆ ಕಾಲವನ್ನು ಹೊಗಳುವವಳು ನಾನಲ್ಲ. ಹೊಸ ಬ್ಲೇಡಿಗೂ ಮುಂಚೆ ಕುಡುಗೋಲು ಇತ್ತು, ಅದರ ಜತೆಗೆ ಧನುರ್ವಾಯುವೂ ಇತ್ತು. ಬಸುರಿಯರಿಗೆ ಚುಚ್ಚುಮದ್ದು ಕೊಟ್ಟು, ಹೆರಿಗೆಯಲ್ಲಿ ಶುಚಿ ತಂದು, ಭಾರತದಲ್ಲಿ ಬಾಣಂತಿ-ಕೂಸುಗಳ ಧನುರ್ವಾಯು ನಿರ್ಮೂಲವಾಯಿತೆಂದು ಘೋಷಿಸಲು 2015 ಬರಬೇಕಾಯಿತು. 2007ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 'ಮಡಿಲು' ಎಂಬ ಕಿಟ್ ಕೊಡತೊಡಗಿದಾಗ ನಮ್ಮ ಶಾಲೆಯ ಆಯಾಳ ಸೊಸೆಗೂ ಸಿಕ್ಕಿತ್ತು. ಸೊಳ್ಳೆಪರದೆ, ಕಂಬಳಿ, ಸೋಪು, ಮಗುವಿಗೆ ಸ್ವೆಟರು, ಕುಲಾವಿ. ಹುಟ್ಟಿದ ಮೇಲೆ ಕೊಡುವುದಾದ್ದರಿಂದ ಅವ್ವನ ರೂಢಿಗೂ ಅದರಿಂದ ಭಂಗವಿರಲಿಲ್ಲ!

ನನ್ನ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳಲಾರದೆಯೇ ಇಷ್ಟು ಸುತ್ತು ಹಾಕಿದ್ದು.

1994. ನೌಕರಿ ಸೇರಿ ಎರಡು ವರ್ಷ, ಚೊಚ್ಚಲ ಬಸಿರು. ಸಂಬಳದ ದುಡ್ಡಿನಲ್ಲಿ ಹಸಿರು ರೆಕ್ಸಿನ್ನಿನ ಒಂದು ಏರ್‌ಬ್ಯಾಗು ಕೊಂಡಿದ್ದೆ. ಒಂದು ಸಂಜೆ ಶಾಲೆಯಿಂದ ಬರುವಾಗ ಅಂಗಡಿಯಲ್ಲಿ ಹಳದಿ ಬಣ್ಣದ ಅಂಗಿ ಕಂಡಿತು. ಅಂಗೈಯಷ್ಟು ಅಗಲ, ಎದೆಯ ಮೇಲೊಂದು ಬಾತುಕೋಳಿ. ಕೊಂಡೆ. ಅದಕ್ಕೊಪ್ಪುವ ಕುಲಾವಿಯನ್ನೂ ಕೊಂಡೆ. ಅವ್ವ, 'ಈಗಲೇ ಯಾಕೆ ತಂದೆ' ಎಂದು ಮುಖ ಸಿಂಡರಿಸಿದಳು. 'ಬಿ.ಎ., ಬಿ.ಎಡ್. ಓದಿ ನಾನೂ ಹೀಗೆಲ್ಲ ನಂಬಲಾ?' ಎಂದು ಏರ್‌ಬ್ಯಾಗಿನ ತಳದಲ್ಲಿ ಇಟ್ಟೆ.

ಅದು ವಾರ್ಷಿಕ ಪರೀಕ್ಷೆಯ ಕಾಲ. ಉಪಕೇಂದ್ರದ ನರ್ಸಮ್ಮ ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಿ ಹೋಗಿ ಎಂದಿದ್ದಳು. ಇವತ್ತು ಪೇಪರು ತಿದ್ದುವುದಿದೆ, ನಾಳೆ ಫಲಿತಾಂಶ ಬರೆಯುವುದಿದೆ ಎಂದು ಆರು ವಾರ ಹೋಗಲೇ ಇಲ್ಲ. ಕಾಲು ಊದಿತ್ತು, ಬಸುರಿಗೆ ಕಾಲು ಊದದೆ ಇರುತ್ತಾ ಎಂದರು. ಆಮೇಲೆ ಮುಖ ಊದಿತು. ಮೈ ತುಂಬಿಕೊಂಡಿದೆ, ಗಂಡುಮಗುವೇ ಎಂದರು. ಬಳೆ ಬಿಗಿಯಾಯಿತು. ಕೊನೆಗೆ ತಲೆನೋವು. ನಾಲ್ಕು ದಿನ ಬಿಡದ ತಲೆನೋವು. ಚಿಮಣಿಯ ಬೆಳಕಲ್ಲಿ ಪೇಪರು ತಿದ್ದಿದ್ದರಿಂದ ಇರಬೇಕೆಂದು ಹಣೆಗೆ ಶುಂಠಿ ತೇದು ಹಚ್ಚಿಕೊಂಡೆ. ಅಕ್ಷರಗಳು ಕಣ್ಣಮುಂದೆ ಕಲಸಿದಂತಾದವು. ಅದಕ್ಕೂ ಪೇಪರೇ ಕಾರಣವೆಂದುಕೊಂಡೆ. ಎಂಟು ತಿಂಗಳು ತುಂಬಿತ್ತಷ್ಟೇ, ನಡುರಾತ್ರಿ ಸೆಳೆತ ಬಂತು. ಆಮೇಲಿನದು ನನಗೆ ನೆನಪಿಲ್ಲ, ಇವರು ಹೇಳಿದ್ದು. 108 ಎಂಬ ವಾಹನ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅಂದು ಕೊಬ್ಬರಿ ಸಾಗಿಸುವ ಟೆಂಪೋದವನನ್ನು ಎಬ್ಬಿಸಿ, ಹಾಸಿಗೆ ಹಾಸಿ ಮಲಗಿಸಿಕೊಂಡು ಹೋದರಂತೆ. ಆ ಗಲಿಬಿಲಿಯಲ್ಲೂ ಅವ್ವ ಏರ್‌ಬ್ಯಾಗನ್ನು ಮರೆತಿರಲಿಲ್ಲ.

ಗಂಡುಮಗುವೇ. ಉಸಿರಿರಲಿಲ್ಲ.

ನನ್ನನ್ನು ಆಸ್ಪತ್ರೆಯವರು ಉಳಿಸಿಕೊಂಡರು. ಎಂಟನೆಯ ದಿನ ಮನೆಗೆ ಬಂದಾಗ ಅವ್ವ ನಡುಮನೆಯಲ್ಲಿ ಕುಳಿತು ಏರ್‌ಬ್ಯಾಗು ಬಿಚ್ಚಿದಳು. ನನ್ನ ಸೀರೆಗಳನ್ನು ಒಗೆಯಲು ಹಾಕಿದಳು. ತಳದಲ್ಲಿದ್ದ ಮಗುವಿನ ಬಟ್ಟೆಗಳು ಇಟ್ಟ ಮಡಿಕೆಯಲ್ಲೇ ಇದ್ದವು. ಒಗೆಯುವಂಥದ್ದು ಒಂದೂ ಇರಲಿಲ್ಲ. 'ಮೊದಲೇ ತರಬಾರದಿತ್ತು ಕಣೇ' ಎಂದಳು. ಅಂಗಿ, ಕುಲಾವಿಯನ್ನು ಏನು ಮಾಡಿದಳೋ ನಾನು ಇವತ್ತಿಗೂ ಕೇಳಿಲ್ಲ.

ಅವ್ವನ ಆ ಮಾತನ್ನು ನಾನು ಅಂದು ಒಪ್ಪಿಕೊಂಡುಬಿಟ್ಟೆ. ಯಾಕೆಂದು ಈಗ ಗೊತ್ತಾಗುತ್ತದೆ. ಅಂಗಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಆರು ವಾರದ ಮೇಲೆ, ನಾಲ್ಕು ದಿನದ ತಲೆನೋವಿನ ಮೇಲೆ ಹೊರಿಸಿದರೆ ಅದು ನೇರ ನನ್ನ ತಲೆಗೇ ಬರುತ್ತಿತ್ತು. 1997ರಲ್ಲಿ ಮಗಳು ಹುಟ್ಟಿದಾಗ ತಪ್ಪದೆ ತೋರಿಸಿಕೊಂಡೆ, ಬಿ.ಪಿ. ಏರಲಿಲ್ಲ, ಹಳೆ ಸೀರೆಯ ತುಂಡಿನಲ್ಲೇ ಮನೆಗೆ ತಂದೆವು. ಅವಳಿಗಿಂತ ಮುಂಚೆ ಒಬ್ಬನಿದ್ದನೆಂದು ಮನೆಯಲ್ಲಿ ಯಾರೂ ಅವಳ ಮುಂದೆ ಆಡಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಇಪ್ಪತ್ತೇಳು ವರ್ಷ ಕಳೆದೆ.

ಇನ್ನೀಗ 2024ರ ಚೀಲ. ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ನನ್ನ ಹಳೆಯ ವಿದ್ಯಾರ್ಥಿನಿ. ಏಳನೇ ತರಗತಿಯಲ್ಲಿ ಭೂಪಟದಲ್ಲಿ ಕಾವೇರಿಯನ್ನು ಅರಬ್ಬೀ ಸಮುದ್ರಕ್ಕೆ ಹರಿಸಿದ್ದವಳು. ನಾನು ನೈಟಿಗಳನ್ನು ನಾಲ್ಕನೆಯ ಸಲ ಮಡಿಸುತ್ತಿದ್ದುದನ್ನು ನೋಡಿ, 'ಮಿಸ್, ಬಟ್ಟೆ ಇಲ್ಲದಿದ್ರೆ ಯಾರಾದ್ರೂ ಕೊಡ್ತಾರೆ. ಮೊದಲು ಫೈಲು ಇಡಿ. ತಾಯಿ ಕಾರ್ಡು, ಸ್ಕ್ಯಾನಿಂಗು, ರಕ್ತದ ರಿಪೋರ್ಟು ಎಲ್ಲಾ ಮೇಲುಗಡೆನೇ ಇರ್ಬೇಕು' ಎಂದು ನನಗೇ ಪಾಠ ಹೇಳಿ ಹೋದಳು. ಸರಿ ಎಂದು ಅಂದೇ ರಾತ್ರಿ ಫೈಲು ತೆಗೆದು ತಾರೀಖಿನ ಪ್ರಕಾರ ಜೋಡಿಸತೊಡಗಿದೆ. ಎಲ್ಲಕ್ಕಿಂತ ಕೆಳಗೆ ಬೆಂಗಳೂರಿನಲ್ಲಿ ಮೊದಲ ಸಲ ತೋರಿಸಿದಾಗ ತುಂಬಿದ ಅರ್ಜಿ. ತಾಯಿಗಾಗಲಿ ಅಕ್ಕತಂಗಿಯರಿಗಾಗಲಿ ಬಸಿರಿನಲ್ಲಿ ರಕ್ತದೊತ್ತಡ, ಸೆಳೆತ ಇತ್ತೇ ಎಂಬ ಪ್ರಶ್ನೆ. ಮುಂದೆ ನನ್ನ ಮಗಳ ದುಂಡು ಅಕ್ಷರದಲ್ಲಿ, ಇಲ್ಲ.

ಸಾವಿರಾರು ಉತ್ತರಪತ್ರಿಕೆ ತಿದ್ದಿದ್ದೇನೆ. ತಪ್ಪು ಉತ್ತರ ಕಂಡ ಕೂಡಲೇ ಕೆಂಪು ಪೆನ್ನು ತಾನಾಗಿ ಮೇಲೇಳುತ್ತದೆ. ಅಂದು ರಾತ್ರಿ ಆ ಕಾಗದ ಹಿಡಿದು ಕುಳಿತೇ ಇದ್ದೆ. ಬರೆದವಳದು ತಪ್ಪಲ್ಲವಲ್ಲ.

ಬೆಳಿಗ್ಗೆ ರೊಟ್ಟಿ ತಿನ್ನುತ್ತಿದ್ದಾಗ ಹೇಳಿದೆ. ಪೀಠಿಕೆ ಹಾಕಲು ಹೋಗಿ ತಡವರಿಸಿ ಕೊನೆಗೆ ಇದ್ದಂತೆ ಹೇಳಿದೆ. ಅವಳು ರೊಟ್ಟಿ ಮುರಿದ ಕೈ ಹಾಗೆಯೇ ಇತ್ತು.

'ಹೆಸರು ಇಟ್ಟಿದ್ರಾ?'

'ಇಲ್ಲಮ್ಮ.'

ಸ್ವಲ್ಪ ಹೊತ್ತು ಸುಮ್ಮನಿದ್ದು ಕೈ ತೊಳೆದು ಬಂದಳು. ಆಮೇಲೆ ಸಿಟ್ಟು ಬಂತು. 'ಏಳು ತಿಂಗಳಿಂದ ಹೋದ ಕಡೆಯೆಲ್ಲ ಇದನ್ನೇ ಕೇಳ್ತಿದ್ದಾರೆ ಅಮ್ಮ. ಪ್ರತಿ ಸಲ ಇಲ್ಲ, ಇಲ್ಲ ಅಂತ ಹೇಳಿದ್ದೀನಿ. ಕುಲಾವಿ ತರೋಕೆ ಹೆದರ್ತೀಯಾ, ಇದಕ್ಕೆ ಹೆದರ್ಲಿಲ್ವಾ?' ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳೇ ಡಾಕ್ಟರಮ್ಮನಿಗೆ ಫೋನು ಮಾಡಿದಳು.

ಡಾಕ್ಟರಮ್ಮ ಬೈಯಲಿಲ್ಲ. ಈ ನಂಜು ತಾಯಿಗೆ ಆಗಿದ್ದರೆ ಮಗಳಿಗೆ ಆಗುವ ಸಂಭವ ಹೆಚ್ಚು, ಆಗಲೇಬೇಕೆಂದೇನೂ ಇಲ್ಲ ಎಂದರು. ಮೊದಲ ಮೂರು ನಾಲ್ಕು ತಿಂಗಳಲ್ಲೇ ಗೊತ್ತಿದ್ದರೆ ಬೇರೆ ಅಂಶಗಳನ್ನೂ ನೋಡಿ, ಬೇಕಾದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಶುರು ಮಾಡಬಹುದಿತ್ತು. ಈಗ ಅದರ ಕಾಲ ಮೀರಿದೆ. ಇನ್ನು ಮುಂದೆ ಬಿ.ಪಿ. ನೋಡುತ್ತಿರಬೇಕು. 140/90 ಮುಟ್ಟಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ, ಮುಖ ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ ಹಗಲಾಗಲಿ ರಾತ್ರಿಯಾಗಲಿ ಹೊರಟು ಬರಬೇಕು. ಒಂದೊಂದನ್ನೇ ಅವರು ಹೇಳುತ್ತಿದ್ದರೆ ನನ್ನ 1994ರ ಪೇಪರು ತಿದ್ದುವ ದಿನಗಳನ್ನು ಯಾರೋ ಹಾಜರಿ ಕೂಗಿದಂತಿತ್ತು.

ಅಂದೇ ತೋಳಿಗೆ ಕಟ್ಟುವ ಬಿ.ಪಿ. ಯಂತ್ರ ಬಂತು. ಹಳೆಯ ಅಂಕಗಳ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ಗೆರೆ ಎಳೆದು ಬೆಳಿಗ್ಗೆ, ಸಂಜೆ ಬರೆಯತೊಡಗಿದೆ. 118/76. 122/78. ಪೇಟೆಗೂ ಹೋಗಿ ಬಂದೆವು. ಎರಡನೆಯ ಪುಟದ ಬಟ್ಟೆಗಳನ್ನೆಲ್ಲ ಮಗಳೇ ಆರಿಸಿದಳು, ನಾನು ದುಡ್ಡು ಕೊಟ್ಟೆ. ಹಳದಿ ಬಣ್ಣದ್ದನ್ನು ಅವಳು ಎತ್ತಿಕೊಂಡು ನನ್ನ ಮುಖ ನೋಡಿ, ವಾಪಸು ಇಟ್ಟು ಹಸಿರಿನದನ್ನು ತೆಗೆದುಕೊಂಡಳು. ಅವ್ವ ಮಾತ್ರ ಬದಲಾಗಲಿಲ್ಲ. 'ನೀವು ಓದಿದೋರು, ನಿಮ್ಮಿಷ್ಟ' ಎಂದು ನಾವು ಚೀಲ ತುಂಬುವಾಗ ಎದ್ದು ಹಿತ್ತಲಿಗೆ ಹೋದಳು. ಮರುದಿನ ಪಕ್ಕದ ಮನೆಯ ಮಗು ಹಾಕಿಬಿಟ್ಟ ಒಂದು ಹಳೆ ಕುಲಾವಿಯನ್ನು ಕೇಳಿ ತಂದು, ಬಿಸಿನೀರಿನಲ್ಲಿ ಕುದಿಸಿ ಒಣಗಿಸಿ, ಯಾರಿಗೂ ಹೇಳದೆ ಚೀಲದ ಪಕ್ಕದ ಜೇಬಿನಲ್ಲಿ ತುರುಕಿದ್ದಳು. ನಾನು ನೋಡಿಯೂ ನೋಡದಂತೆ ಇದ್ದೆ. ಚೀಲದ ಮೇಲುಗಡೆ ಫೈಲು. ಅದರಲ್ಲಿ ಆ 'ಇಲ್ಲ'ಕ್ಕೆ ಅಡ್ಡಗೆರೆ ಎಳೆದು ಡಾಕ್ಟರಮ್ಮ ತಾವೇ ತಿದ್ದಿ ಸಹಿ ಹಾಕಿದ್ದರು.

ಮೂವತ್ತೇಳನೆಯ ವಾರದಲ್ಲಿ ಒಂದು ಬೆಳಿಗ್ಗೆ ಯಂತ್ರ 144/94 ಎಂದಿತು. ಕಾಲು ಗಂಟೆ ಬಿಟ್ಟು ನೋಡಿದರೆ 148/96. ಮಗಳಿಗೆ ತಲೆನೋವಿಲ್ಲ, ಊತವಿಲ್ಲ, ಉಪ್ಪಿಟ್ಟು ತಿನ್ನುತ್ತಾ ಆಫೀಸಿನವರ ಜತೆ ಮಾತಾಡುತ್ತಿದ್ದಳು. ಇಂಥ ದಿನ 1994ರಲ್ಲೂ ಒಂದು ಇದ್ದಿರಬೇಕು, ನೋಡುವವರಿರಲಿಲ್ಲ. ಹತ್ತು ಗಂಟೆಯ ಬಿಸಿಲಿನಲ್ಲಿ ಕಾರಿನಲ್ಲಿ ಕುಳಿತು ಹೋದೆವು. ಮೂತ್ರದಲ್ಲಿ ಪ್ರೋಟೀನು ಕಂಡಿತು. ಇನ್ನು ಕಾಯುವುದು ಬೇಡ, ಈ ನಂಜಿಗೆ ಹೆರಿಗೆಯೇ ಮದ್ದು ಎಂದು ನೋವು ಬರಿಸಿದರು. ಮರುದಿನ ಸಂಜೆ ಹೆಣ್ಣುಮಗು ಹುಟ್ಟಿತು. 2 ಕೆ.ಜಿ. 600 ಗ್ರಾಂ. ಅಳು ಬಾಗಿಲಾಚೆಗೆ ಕೇಳಿಸಿತು.

'ಮಗೂಗೆ ಕುಲಾವಿ ಕೊಡಿ, ಬೇಗ, ತಲೆ ತಣ್ಣಗಾಗುತ್ತೆ' ಎಂದು ಸಿಸ್ಟರು ಕೈ ಚಾಚಿದರು. ಎರಡು ವಾರ ಮಡಿಸಿ ಮಡಿಸಿ ಇಟ್ಟ ಚೀಲದಲ್ಲಿ ನನಗೆ ಏನೂ ಸಿಗಲಿಲ್ಲ. ಚಾರ್ಜರು ಸಿಕ್ಕಿತು, ತುಟಿಯ ಮುಲಾಮು ಸಿಕ್ಕಿತು. ಕೊನೆಗೆ ಕೈಗೆ ಬಂದದ್ದು ಪಕ್ಕದ ಜೇಬಿನ ಹಳೆ ಕುಲಾವಿ. ಅದನ್ನೇ ಕೊಟ್ಟೆ. ಮನೆಗೆ ಫೋನು ಮಾಡಿ ಹೇಳಿದರೆ ಅವ್ವ, 'ನನಗೆ ಗೊತ್ತಿತ್ತು' ಎಂದಳು. ವಾದ ಮಾಡಲಿಲ್ಲ.

ಮಗಳ ಬಿ.ಪಿ. ಇಳಿಯುವವರೆಗೆ ಐದು ದಿನ ಇದ್ದು ಬಂದೆವು. ಬಂದ ಸಂಜೆ ನಾನೇ ನಡುಮನೆಯಲ್ಲಿ ಕುಳಿತು ಚೀಲ ಬಿಚ್ಚಿದೆ. ಆರು ಅಂಗಿಯೂ ಉಚ್ಚೆಯ ವಾಸನೆ, ಸುತ್ತುವ ಬಟ್ಟೆಯ ತುಂಬ ಹಾಲಿನ ಕಲೆ, ಹಸಿರು ಅಂಗಿಗೆ ಏನು ಮೆತ್ತಿಕೊಂಡಿತ್ತೆಂದು ಹೇಳಬೇಕಾಗಿಲ್ಲ. ಎರಡು ಬಕೆಟ್ಟು ಆಯಿತು. 'ಮೆಷಿನ್ನಿಗೆ ಹಾಕಮ್ಮ, ಸುಸ್ತಾಗಿದ್ದೀಯ' ಎಂದು ಮಗಳು ಒಳಗಿನಿಂದ ಕೂಗಿದಳು. ಆಗಲಿ ಎಂದು ಕೂಗಿ ಹೇಳಿ, ಹಿತ್ತಲಿನ ದೀಪ ಹಾಕಿ, ಒಗೆಯುವ ಕಲ್ಲಿನ ಹತ್ತಿರ ಮಣೆ ಎಳೆದುಕೊಂಡು ಕುಳಿತೆ.