ತಾಪಿಯ ದಡದಲ್ಲಿ ಒಂದು ಬೆಳಗು

ನವರಾತ್ರಿ ಮುಗಿದು ಶರದ ಪೂರ್ಣಿಮೆ ಹತ್ತಿರ ಬಂತೆಂದರೆ ಸೂರತ್ತಿನ ಬೆಳಗು ಹಿತವಾಗತೊಡಗುತ್ತದೆ. ನಾವಿರುವ ಪಾಂಡೇಸರಾ ಬಟ್ಟೆಗೆ ಬಣ್ಣ ಹಾಕುವ, ಅಚ್ಚೊತ್ತುವ ಗಿರಣಿಗಳ ಬಡಾವಣೆ. ಅಲ್ಲಿ ಋತು ತಿರುಗಿದ್ದನ್ನು ಪಂಚಾಂಗ ನೋಡಿಯೇ ತಿಳಿಯಬೇಕು. ಆದ್ದರಿಂದ ಒಂದು ಭಾನುವಾರ ನಾವು, ನಮ್ಮ ಮನೆಯವರು, ಮಗಳು ಹಾಗೂ ನಾಯಿ ಕರಿಯ ಸಿಂಗಣಪೋರದ ಕಾಸ್‌ವೇಗೆ ಹೊರಟೆವು. ಕರಿಯನನ್ನು ಕಂಡು ರಿಕ್ಷಾದವನು ಮೊದಲು ಒಲ್ಲೆನೆಂದ. ಹತ್ತು ರೂಪಾಯಿ ಹೆಚ್ಚಿಗೆ ಕೊಡುವೆವೆಂದ ಮೇಲೆ ಒಪ್ಪಿದ.

1995ರಲ್ಲಿ ಕಟ್ಟಿದ ಈ ಒಡ್ಡಿನ ಮೇಲ್ಗಡೆ ಊರಿಗೆ ಬೇಕಾದ ಸಿಹಿನೀರು. ಕೆಳಗಡೆ ಸಮುದ್ರದ ಭರತ ಇಳಿತ. ದಡದ ಬಯಲಿನಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ಇಬ್ಬನಿಯಿಂದ ತೊಯ್ದಿತ್ತು. ಕರಿಯ ಹಳೆಯ ಗುಮಾಸ್ತನಂತೆ ಒಂದೊಂದು ಗಿಡವನ್ನೂ ಮೂಸಿ ಪರಿಶೀಲಿಸಿ, ತನ್ನ ರುಜು ಹಾಕಿ ಮುಂದೆ ಸಾಗಿದ.

ನಮ್ಮ ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಪಡುಗಡಲು ಹತ್ತಿರವಿದ್ದರೂ ಮೂಡಲಿಗೆ ಹೋಗಿ ಕೃಷ್ಣೆಯನ್ನು ಕೂಡುತ್ತಾಳೆ. ತಾಪಿಯಾದರೋ ಮಧ್ಯಪ್ರದೇಶದ ಮುಲತಾಯಿಯಿಂದ ಪಡುವಣಕ್ಕೆ 724 ಕಿಲೋಮೀಟರು ಹರಿದು ಬರುತ್ತಾಳೆ. ಭಾರತ ಕೇಳಿದವರಿಗೆ ಇವಳು ಅಪರಿಚಿತಳಲ್ಲ: ಸೂರ್ಯನ ಮಗಳು, ಕುರುವಿನ ತಾಯಿ ತಪತಿಯೇ ಇವಳು.

"ಅಪ್ಪಾ, ಇಷ್ಟು ಜಾಗಾ ಖಾಲಿ ಐತಿ, ಮನಿ ಯಾಕ ಕಟ್ಟಿಲ್ಲ?" ಎಂದಳು ಮಗಳು. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರಿಗೆ ಅದನ್ನು ಗುಜರಾತಿಯಲ್ಲಿ ತಿಳಿಸಿದೆವು.

"ಖಾಲಿ ಅಲ್ಲ ಮಗಳೇ, ಇದು ತಾಪಿ ಮಾತೆ ಕಾಲು ಚಾಚುವ ಜಾಗ," ಎಂದರು ಅವರು.

2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸೂರತ್ತಿನ ಬಹುಭಾಗ ಮುಳುಗಿತ್ತು. ಆಗ ಈ ಮುದುಕರು ಮೂರು ದಿನ ಮಾಳಿಗೆಯ ಮೇಲೆ ಕಳೆದರಂತೆ. ಎಮ್ಮೆಗಳಲ್ಲಿ ಒಂದೂ ಉಳಿಯಲಿಲ್ಲವಂತೆ.

"ಇಲ್ಲಿ ಮನಿ ಕಟ್ಟಿದರ ಆಕಿ ಎಲ್ಲಿ ಕಾಲು ಚಾಚಬೇಕು?" ಎಂದು ಮಗಳು ಮತ್ತೆ ಕೇಳಿದಳು. ಅವರು ಮಾತಾಡದೆ ಊರಿನ ಕಡೆಗೆ ಕೈ ತೋರಿಸಿದರು.

ಹೊಟ್ಟೆಪಾಡಿಗೆ ಬಂದ ಊರನ್ನು ನಾವು ಕಚೇರಿ, ಬಾಡಿಗೆ ಮನೆ, ಕಿರಾಣಿ ಅಂಗಡಿಗಳಷ್ಟರಿಂದಲೇ ಬಲ್ಲೆವು. ನಮ್ಮ ಮಕ್ಕಳಿಗಾದರೋ ಇದೇ ಊರು. ಇಲ್ಲಿಯ ನದಿ ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತೆಂಬುದು ಅವರಿಗೆ ತಿಳಿದಿರಬೇಕು. ಅದನ್ನು ಶಾಲೆಯ ಪುಸ್ತಕಕ್ಕಿಂತ ದಡದಲ್ಲಿ ಬದುಕಿದವರು ಚೆನ್ನಾಗಿ ಹೇಳಬಲ್ಲರು.

ವಾಚಕ ಬಂಧುಗಳೂ ಈ ಚಳಿ ಮೊದಲಾಗುವ ದಿನಗಳಲ್ಲಿ ಮಕ್ಕಳನ್ನು ತಮ್ಮ ಊರಿನ ಹೊಳೆಯ ದಡಕ್ಕೆ ಕರೆದೊಯ್ಯಲಿ. ವಡೋದರಾದವರು ಮಾತ್ರ ನಾಯಿಯನ್ನು ಮನೆಯಲ್ಲಿಯೇ ಬಿಟ್ಟು, ವಿಶ್ವಾಮಿತ್ರಿಯನ್ನು ಸೇತುವೆಯ ಮೇಲಿನಿಂದಲೇ ನೋಡುವುದು ಲೇಸು; ಆ ಹೊಳೆಯಲ್ಲಿ ಮೊಸಳೆಗಳಿವೆ.