ಎಷ್ಟು ತುತ್ತು ತಿಂದಳು?

ನಮ್ಮ ಮನೆಗೆ ಬಂದವರು ಮೊದಲು ಮಗಳ ಕೆನ್ನೆ ನೋಡುತ್ತಾರೆ, ಆಮೇಲೆ ಮೇಜಿನ ಮೇಲಿರುವ ನನ್ನ ಪುಸ್ತಕಗಳನ್ನು. ಆ ಎರಡು ನೋಟಗಳ ನಡುವೆ ತೀರ್ಪು ಸಿದ್ಧವಾಗಿರುತ್ತದೆ. "ನೀನು ಓದೋದ್ರಲ್ಲೇ ಇರ್ತೀಯ, ಪಾಪ ಮಗು ಸೊರಗಿದೆ" ಎಂದು ನೇರವಾಗಿ ಹೇಳುವವರು ಎಷ್ಟೋ ವಾಸಿ. ಉಳಿದವರು "ನಿನ್ನ ಪಿಎಚ್‌.ಡಿ ಇನ್ನೂ ಎಷ್ಟು ವರ್ಷ ಇದೆಯಮ್ಮಾ?" ಎಂದು ಕೇಳಿ ಸುಮ್ಮನಾಗುತ್ತಾರೆ. ನನ್ನ ಗಂಡ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಬರುವುದು ರಾತ್ರಿ ಎಂಟಕ್ಕೆ. ಅವರ ಕೆಲಸಕ್ಕೂ ಮಗುವಿನ ತೂಕಕ್ಕೂ ಇದುವರೆಗೆ ಯಾರೂ ಗಂಟು ಹಾಕಿಲ್ಲ.

ಹದಿನಾರು ತಿಂಗಳಿಗೆ ಶುರುವಾಯಿತು. ಅಲ್ಲಿಯವರೆಗೆ ಬಟ್ಟಲು ತುಂಬ ರಾಗಿ ಸರಿ ತಿನ್ನುತ್ತಿದ್ದವಳು ಒಂದು ದಿನ ತುಟಿ ಬಿಗಿದಳು. ಅನ್ನ ಸಾರು, ಇಡ್ಲಿ, ಉಪ್ಪಿಟ್ಟು, ಬೇಯಿಸಿದ ಕ್ಯಾರೆಟ್ಟು ಎಲ್ಲಕ್ಕೂ ಒಂದೇ ಉತ್ತರ, ತಲೆ ಅತ್ತಿತ್ತ. ಬಟ್ಟಲು ಹಿಡಿದು ಕಾಂಪೌಂಡಿನಲ್ಲಿ ಕಾಗೆ ತೋರಿಸಿದೆವು, ಬೀದಿಯಲ್ಲಿ ನಾಯಿ ತೋರಿಸಿದೆವು, ಮಹಡಿಯಲ್ಲಿ ಚಂದಮಾಮನನ್ನೂ ತೋರಿಸಿದೆವು. ಮೊಬೈಲ್ ಹಿಡಿದರೆ ಮಾತ್ರ ಬಾಯಿ ತನ್ನಷ್ಟಕ್ಕೆ ತೆರೆಯುತ್ತಿತ್ತು. ಕಣ್ಣು ಪರದೆಯಲ್ಲಿ, ಗಂಟಲಿಗೆ ಇಳಿಯುತ್ತಿರುವುದು ಅನ್ನವೋ ಮಣ್ಣೋ ಅವಳಿಗೆ ಗೊತ್ತಿರುತ್ತಿರಲಿಲ್ಲ. ನೋಡಿದರೆ ಒಂಥರಾ ಭಯವಾಗುತ್ತಿತ್ತು.

ರಾತ್ರಿಯದು ಬೇರೆಯೇ ಕತೆ. ಸೀರೆಯ ಜೋಲಿಯಲ್ಲಿ ತೂಗಿ ತೂಗಿ ಹತ್ತೂವರೆಗೆ ಮಲಗಿಸಿದರೆ ಹನ್ನೆರಡಕ್ಕೆ ಎದ್ದಳು, ಎರಡಕ್ಕೆ ಎದ್ದಳು, ನಾಲ್ಕಕ್ಕೆ ಕಾಲು ಬಡಿಯುತ್ತಾ ಅತ್ತಳು. ಹಗಲು ಏನೂ ತಿಂದಿಲ್ಲ, ಹಸಿವಿರಬೇಕು ಎಂದು ಹಾಲು. ರಾತ್ರಿ ಹಾಲು ಕುಡಿದದ್ದರಿಂದ ಬೆಳಿಗ್ಗೆ ಹಸಿವಿಲ್ಲ. ಆ ಎರಡು ಅಳುಗಳ ನಡುವಿನ ಒಂದೂವರೆ ಗಂಟೆಯಲ್ಲಿ ನನ್ನ ಮೂರನೇ ಅಧ್ಯಾಯ ನಡೆಯುತ್ತಿತ್ತು.

ಸಲಹೆಗಳಿಗೆ ಕೊರತೆ ಇರಲಿಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚು ಅಂದರು ಒಬ್ಬರು, ಗಸಗಸೆ ಹಾಲು ಕುಡಿಸು ಅಂದರು ಇನ್ನೊಬ್ಬರು (ಅದನ್ನು ಮಾತ್ರ ನಾನು ಒಪ್ಪಲಿಲ್ಲ). ಊರಿನಿಂದ ಬಂದ ಅತ್ತೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ನೋಡು, ಚೂರೂ ಘಾಟು ಬರ್ಲಿಲ್ಲ. ದೃಷ್ಟಿನೇ ಆಗಿರೋದು" ಎಂದರು. ನಾನು ವಾದ ಮಾಡಲಿಲ್ಲ. ದೃಷ್ಟಿಯ ಸಿದ್ಧಾಂತದಲ್ಲಿ ನನಗೆ ಇಷ್ಟವಾದ ಒಂದು ಅಂಶವಿದೆ: ಅದರಲ್ಲಿ ದೋಷ ಯಾವಾಗಲೂ ಹೊರಗಿನವರ ಕಣ್ಣಿನದು, ತಾಯಿಯದಲ್ಲ.

ನಾನು ಅಧ್ಯಯನ ಮಾಡುತ್ತಿರುವುದು ದತ್ತಿ ಶಾಸನಗಳನ್ನು. ದೇವರ ನೈವೇದ್ಯಕ್ಕೆ ಅಕ್ಕಿ ಎಷ್ಟು ಕೊಳಗ, ತುಪ್ಪ ಎಷ್ಟು ಮಾನ, ನಂದಾದೀಪಕ್ಕೆ ಎಣ್ಣೆ ಎಷ್ಟು, ಎಲ್ಲದಕ್ಕೂ ಲೆಕ್ಕವಿರುತ್ತದೆ. ಆ ಚಾಳಿಯಿಂದಲೋ ಏನೋ, ಮಗಳ ಊಟಕ್ಕೂ ಒಂದು ನೋಟುಬುಕ್ಕು ಇಟ್ಟಿದ್ದೆ. ಬೆಳಿಗ್ಗೆ ಮೂರು ಚಮಚ, ಮಧ್ಯಾಹ್ನ ಐದು, ಉಗಿದದ್ದು ಎರಡು. ಮಕ್ಕಳ ವೈದ್ಯರ ಬಳಿ ಹೋದಾಗ ಅದನ್ನೇ ಮುಂದಿಟ್ಟೆ. ಅವರು ಪುಟ ತಿರುಗಿಸಿ, ನಕ್ಕು, "ಇದಲ್ಲಮ್ಮ, ತಾಯಿ ಕಾರ್ಡ್ ಕೊಡಿ" ಎಂದರು.

ಹುಟ್ಟಿದಾಗ 2.9 ಕೆ.ಜಿ. ಮೊದಲ ಹುಟ್ಟುಹಬ್ಬಕ್ಕೆ 8. ಅಂದು, ಇಪ್ಪತ್ತನೇ ತಿಂಗಳಿಗೆ, 9.4. ವೈದ್ಯರು ಚುಕ್ಕೆಗಳನ್ನು ಸೇರಿಸಿ ತೋರಿಸಿದರು. ನಡುಗೆರೆಗಿಂತ ತುಸು ಕೆಳಗೆ, ಆದರೆ ಹಸಿರು ಪಟ್ಟಿಯೊಳಗೇ, ಹುಟ್ಟಿದಾಗಿನಿಂದ ತನ್ನದೇ ದಾರಿಯಲ್ಲಿ ಸಾಗಿದ ಗೆರೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ, ಎರಡನೇ ವರ್ಷ ಪೂರ್ತಿ ಸೇರಿದರೂ ಎರಡು ಎರಡೂವರೆ ಕೆ.ಜಿ.ಯಷ್ಟೇ ಏರುತ್ತದೆ. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯಲೇಬೇಕಲ್ಲ! ಮನೆಗೆ ಬಂದು ಆ ಗೆರೆಗಳ ಮೂಲ ಹುಡುಕಿದೆ, ಅದೊಂದು ರೋಗ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡವಂತೆ. ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ್ದು. ಅವರಲ್ಲಿ ದೆಹಲಿಯ ಮಕ್ಕಳೂ ಇದ್ದರು. ನಮ್ಮ ಓಣಿಯವರು ಕಣ್ಣಂದಾಜಿನಲ್ಲಿ ಹೇಳುವ 'ಸೊರಗಿದೆ'ಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಬೇಕಿರಲಿಲ್ಲ.

ಆದರೆ ಎಲ್ಲವೂ ಸರಿ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.6 ಬಂತು. ಕಬ್ಬಿಣಾಂಶ ಕಡಿಮೆ. ಇದು ನಮ್ಮ ಮನೆಯೊಂದರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಇಳಿದರೆ ಹಸಿವು ಮಂಕಾಗುತ್ತದೆ, ನಿದ್ದೆಯಲ್ಲಿ ಹೊರಳಾಟ ಹೆಚ್ಚುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆ ಮಾತ್ರ ತುಂಬಿಸುತ್ತದೆ. 'ಏನೂ ತಿನ್ನದಿದ್ದರೆ ಹಾಲಾದರೂ ಕುಡಿಯಲಿ' ಎಂಬುದು ನಮ್ಮಲ್ಲಿ ಮನೆಮನೆಯ ವೇದವಾಕ್ಯ. ಅದರೊಳಗೆ ಇಷ್ಟು ದೊಡ್ಡ ಸುಳಿ ಇದೆ ಎಂದು ಯಾವ ಅಜ್ಜಿಯೂ ಹೇಳುವುದಿಲ್ಲ. ದಿನಕ್ಕೆ ಅರ್ಧ ಲೀಟರಿನೊಳಗೆ ಹಾಲು, ರಾತ್ರಿ ಬೇಡ, ಹಾಲಿನ ಜೊತೆಗಲ್ಲದೆ ಬೇರೆ ಹೊತ್ತಿಗೆ ಕಬ್ಬಿಣದ ಡ್ರಾಪ್ಸ್ ಎಂದು ಬರೆದುಕೊಟ್ಟರು. ಮೂರನೇ ದಿನ ಮಗುವಿನ ಮಲ ಕಪ್ಪಾದಾಗ ಅತ್ತೆ ಗಾಬರಿಯಾದರು. ಔಷಧಿಯಿಂದ ಹಾಗಾಗುತ್ತದೆ ಎಂದು ನಂಬಿಸಲು ವೈದ್ಯರಿಗೇ ಫೋನ್ ಹಚ್ಚಬೇಕಾಯಿತು.

ಆ ದಿನಗಳಲ್ಲೇ ಕ್ಲಾರಾ ಡೇವಿಸ್ ಎಂಬ ವೈದ್ಯೆಯ ಪ್ರಯೋಗದ ಬಗ್ಗೆ ಓದಿದೆ. 1920ರ ದಶಕದಲ್ಲಿ ಶುರುಮಾಡಿ, ಆಗಷ್ಟೇ ಹಾಲು ಬಿಟ್ಟ ಹದಿನೈದು ಕೂಸುಗಳ ಮುಂದೆ 34 ಬಗೆಯ ಆಹಾರದಿಂದ ಆರಿಸಿ ಇಟ್ಟು, ದಾದಿಯರಿಗೆ ಸುಮ್ಮನೆ ಕೂರಲು ಹೇಳಿದಳು. ಬಾಯಿಗೆ ತುರುಕುವಂತಿಲ್ಲ, ಪುಸಲಾಯಿಸುವಂತಿಲ್ಲ. ಮಕ್ಕಳು ಬೆಳಗಿನ ತಿಂಡಿಗೆ ಕಿತ್ತಳೆ ರಸದ ಜೊತೆ ಯಕೃತ್ತು ತಿಂದವು, ರಾತ್ರಿಗೆ ಬರೀ ಮೊಟ್ಟೆ, ಬಾಳೆಹಣ್ಣು, ಹಾಲು. ಒಂದೊಂದರ ದಾರಿ ಒಂದೊಂದು, ಆದರೂ ಚೆನ್ನಾಗಿ ಬೆಳೆದವು. ಗುಟ್ಟು ಇದ್ದದ್ದು ಪಟ್ಟಿಯಲ್ಲಿ, ಅದರಲ್ಲಿ ಸಕ್ಕರೆಯಾಗಲಿ ಬಿಸ್ಕತ್ತಾಗಲಿ ಇರಲೇ ಇಲ್ಲ. ಅದನ್ನು ಓದುವಾಗ ನನ್ನ ಶಾಸನಗಳು ನೆನಪಾದವು. ದಾನಿ ಎಷ್ಟು ಅಕ್ಕಿ ಬಿಟ್ಟನೆಂದು ಕಲ್ಲು ಹೇಳುತ್ತದೆ, ಯಾರು ಎಷ್ಟು ಉಂಡರೆಂದು ಹೇಳುವುದಿಲ್ಲ.

ನೋಟುಬುಕ್ಕು ಅಟ್ಟ ಸೇರಿತು. ಈಗ ನಾವು ತಿನ್ನುವ ಹೊತ್ತಿಗೆ ಅವಳಿಗೂ ತಟ್ಟೆ, ನೆಲದ ಮೇಲೆ ಹಳೇ ಪಂಚೆ. ಮೊಳಕೆ ಹೆಸರುಕಾಳಿನ ಹುಳಿ, ನಾಲ್ಕು ಅಗುಳು ನಿಂಬೆಹಣ್ಣಿನ ಚಿತ್ರಾನ್ನ, ನುಗ್ಗೆಸೊಪ್ಪು ಹಾಕಿದ ರಾಗಿ ರೊಟ್ಟಿಯ ತುಂಡು. ಅರ್ಧ ಗಂಟೆ ಕಳೆದರೆ ತಟ್ಟೆ ಎತ್ತುತ್ತೇವೆ. ಖಾಲಿಯಾಗಿದ್ದರೂ ಸರಿ, ಮುಟ್ಟದಿದ್ದರೂ ಸರಿ. ಮುಟ್ಟದ ತಟ್ಟೆ ಎತ್ತುವಾಗ ಎದೆ ಹಿಂಡುವುದು ನಿಂತಿಲ್ಲ.

ನಿದ್ದೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಈ ವಯಸ್ಸಿನ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ ಬೇಕು. ನಡುನಡುವೆ ಎಚ್ಚರವಾಗುವುದು ಸಹಜ, ದೊಡ್ಡವರಿಗೂ ಆಗುತ್ತದೆ. ತೂಗುತ್ತಾ ನಿದ್ದೆ ಹೋದವಳು ಎಚ್ಚರವಾದಾಗಲೆಲ್ಲ ಮತ್ತೆ ತೂಗುವಿಕೆಯನ್ನೇ ಕೇಳುತ್ತಾಳೆ. ಜೋಲಿ ಬಿಚ್ಚಿ, ಎಂಟಕ್ಕೇ ದೀಪ ಆರಿಸಿ, ಪಕ್ಕದಲ್ಲಿ ಮಲಗಿ ಬೆನ್ನು ತಟ್ಟುವ ಪಾಳಿ ನಮ್ಮದು. ನಡುರಾತ್ರಿಯದು ನನ್ನ ಗಂಡನದು. ಅಪ್ಪನ ಹತ್ತಿರ ಹಾಲು ಸಿಗುವುದಿಲ್ಲ ಎಂದು ಅವಳಿಗೆ ಬೇಗ ಅರ್ಥವಾಯಿತು. ಒಂದು ವಾರ ಬೀದಿಗೆಲ್ಲ ಕೇಳುವಂತೆ ಅತ್ತಳು. ಎರಡು ತಿಂಗಳಾದ ಮೇಲೆ ಈಗ ರಾತ್ರಿ ಒಮ್ಮೆ ಏಳುತ್ತಾಳೆ, ಜ್ವರ ನೆಗಡಿ ಬಂದರೆ ಮತ್ತೆ ಮೂರು ಸಲ. ಹಿಮೋಗ್ಲೋಬಿನ್ 10.8ಕ್ಕೆ ಏರಿದೆ. ಮೂರನೇ ಅಧ್ಯಾಯ ಹೋದ ವಾರ ಮಾರ್ಗದರ್ಶಕರ ಕೈ ಸೇರಿತು.

ಅತ್ತೆ ಊರಿಗೆ ಹೋದಮೇಲೂ ದಿನಾ ಸಂಜೆ ಫೋನ್ ಮಾಡುತ್ತಾರೆ. "ಮಗು ಎಷ್ಟು ತಿಂತಮ್ಮಾ?"

"ಮುದ್ದೆ, ಬಸ್ಸಾರು ಇಟ್ಟಿದ್ದೆ ಅತ್ತೆ."

"ಅದಲ್ಲ, ತಿಂದಿದ್ದು ಎಷ್ಟು?"

"ಅವಳನ್ನೇ ಕೇಳಿ" ಎಂದು ಫೋನನ್ನು ಮಗಳ ಕಿವಿಗೆ ಹಿಡಿಯುತ್ತೇನೆ. ಅವಳು ಬಸ್ಸಾರಿನ ಕೈಯಲ್ಲೇ ಅದನ್ನು ಕಿತ್ತುಕೊಂಡು "ಅಜ್ಜಿ, ಕಾಗೆ!" ಎನ್ನುತ್ತಾಳೆ.