ಇನ್ನೂರು ಕಿಲೋ ಹೊರುವ ಮೇಜು

ಭಾನುವಾರ ಬೆಳಿಗ್ಗೆ, ಬೆಂಗಳೂರಿನ ಶಿವಾಜಿನಗರ. ರಸೆಲ್ ಮಾರ್ಕೆಟ್ಟಿನ ಆಸುಪಾಸಿನ ಅಕ್ವೇರಿಯಂ ಅಂಗಡಿಯೊಂದರ ಮುಂದೆ ನಿಂತಿದ್ದೀರಿ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಗಪ್ಪಿಗಳು ಸಾಲಾಗಿ ತೂಗಾಡುತ್ತಿವೆ. ನಿಮ್ಮ ಕಣ್ಣು ಮೀನಿನ ಮೇಲಿಲ್ಲ. ಮೂರಡಿ ತೊಟ್ಟಿ ಆಗಲೇ ಮನೆಗೆ ಬಂದು ಹಾಲಿನ ನೆಲದ ಮೇಲೆ ಖಾಲಿ ಕೂತಿದೆ. ಬೇಕಿರುವುದು ಅದರಡಿಗೊಂದು ಸ್ಟ್ಯಾಂಡು.

ಅಂಗಡಿಯವನು ತೋರಿಸುವ ಕ್ಯಾಬಿನೆಟ್ ಚೆಂದವೇ ಇದೆ. ತೇಗದ ಬಣ್ಣದ ಲ್ಯಾಮಿನೇಟು, ಟಕ್ಕೆಂದು ಮುಚ್ಚುವ ಬಾಗಿಲು. ಬಗ್ಗಿ, ಹಿಂಬದಿಯಲ್ಲಿ ಪೈಪಿಗೆಂದು ಕೊರೆದ ತೂತಿನ ಅಂಚನ್ನು ಉಗುರಿನಿಂದ ಕೆರೆಯುತ್ತೀರಿ. ಮರದ ಹೊಟ್ಟು ಉದುರುತ್ತದೆ: ಪಾರ್ಟಿಕಲ್ ಬೋರ್ಡು. ಒಣಗಿರುವಷ್ಟು ದಿನ ತಕರಾರಿಲ್ಲ. ನೀರು ಬದಲಿಸುವಾಗ ಚೆಲ್ಲಿದ್ದು ಆ ಅಂಚಿಗೆ ಇಳಿಯಿತೋ, ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ.

ಅಲ್ಲೇ ನಿಂತು ಲೆಕ್ಕ ಹಾಕಿ. 36 ಇಂಚು ಉದ್ದ, 15 ಅಗಲ, 18 ಎತ್ತರ. ಸುಮಾರು 150 ಲೀಟರ್ ನೀರು, ಎಂದರೆ 150 ಕಿಲೋ. 8 ಮಿ.ಮೀ. ಗಾಜಿನದೇ ಇನ್ನೊಂದು 30. ಜಲ್ಲಿ, ಕಲ್ಲು ಸೇರಿದರೆ 200. ಮೂವರು ದೊಡ್ಡವರು ಹಗಲೂ ರಾತ್ರಿ ಮೇಜಿನ ಮೇಲಿಂದ ಇಳಿಯದೆ ಕೂತ ಹಾಗೆ.

ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗದ ಟಿ.ವಿ. ಯೂನಿಟ್ಟೊಂದಿದೆ. ಅಂಗೈಯಿಂದ ನಡುವೆ ಒತ್ತಿದರೆ ಬಳುಕುತ್ತದೆ. ಅಲ್ಲಿ ತೊಟ್ಟಿ ಇಟ್ಟರೆ ತಳದ ಗಾಜಿಗೆ ನಡುವೆ ಆಸರೆಯೇ ಇರುವುದಿಲ್ಲ, ಬಿರುಕು ಬಿಟ್ಟೀತು. ಅದರ ಹಿಂದೆ ಧೂಳು ತಿನ್ನುತ್ತಿದೆ ಹೊಲಿಗೆ ಮಿಷನ್ನಿನ ಬೀಡುಕಬ್ಬಿಣದ ಸ್ಟ್ಯಾಂಡು, ಮೈತುಂಬ ಬಳ್ಳಿಯ ಚಿತ್ತಾರ. ಮನಸ್ಸು ಸಿಕ್ಕಿಕೊಳ್ಳುವುದು ಇಲ್ಲೇ (ನನ್ನದಂತೂ ಪ್ರತಿ ಸಲ). ಪಕ್ಕಕ್ಕೆ ಅಲ್ಲಾಡಿಸಿ: ನಟ್ಟುಗಳು ಕಿರುಗುಟ್ಟುತ್ತವೆ. ಎರಡಡಿಯ ಸಣ್ಣ ತೊಟ್ಟಿಯಾಗಿದ್ದರೆ ನಟ್ಟು ಬಿಗಿ ಮಾಡಿಸಿ ಕೊಂಡುಬಿಡಿ ಎನ್ನುತ್ತಿದ್ದೆ. ಮೂರಡಿಗೆ ಬೇಡ.

ಆಟೋ ಹಿಡಿದು ನಿಮ್ಮ ಬಡಾವಣೆಗೇ ವಾಪಸ್ ಬನ್ನಿ. ಕಿಟಕಿ ಗ್ರಿಲ್ಲು, ಗೇಟು ಮಾಡುವ ವೆಲ್ಡಿಂಗ್ ಶಾಪು. ಆತ ಸೀಮೆಸುಣ್ಣದಲ್ಲಿ ನೆಲದ ಮೇಲೇ ನಕ್ಷೆ ಗೀಚುತ್ತಾನೆ.

"ಒಂದಿಂಚು ಸ್ಕ್ವೇರ್ ಪೈಪು, 16 ಗೇಜು. ಸಾಕಾ ಅಣ್ಣಾ?"

"ಸಾಕು ಸಾರ್. ನಡುವೆ ಇನ್ನೆರಡು ಕಾಲು ಕೊಡ್ತೀನಿ. ಮೇಲಿನ ಫ್ರೇಮು ಕಾಲಿನ ಪಕ್ಕಕ್ಕಲ್ಲ, ತಲೆ ಮೇಲೇ ಕೂರ್ಬೇಕು."

ಈ ಒಂದು ಮಾತಿಗೇ ಕೆಲಸ ಕೊಡಬಹುದು. ದರ ಕಿಲೋ ಲೆಕ್ಕ. ಹನ್ನೆರಡು ಕಿಲೋ ಆಸುಪಾಸಿನ ಕಬ್ಬಿಣ. ರೆಡ್ ಆಕ್ಸೈಡ್ ಬಳಿಸಿ, ಅದರ ಮೇಲೆ ಕಪ್ಪು ಎನಾಮಲ್. ಮೇಲ್ಹಲಗೆಗೆ ಮಾತ್ರ ಜುಗ್ಗತನ ಬೇಡ: ನೀರಿಗೆ ಹೆದರದ 710 ಪ್ಲೈ, 18 ಮಿ.ಮೀ.

ಚೆಂದದ ಮಾತು ಈಗ. ಭಾರವೆಲ್ಲ ಕಬ್ಬಿಣದ್ದಾದ ಮೇಲೆ ಮುಂಭಾಗಕ್ಕೆ ಹೊರುವ ಕೆಲಸವೇ ಇಲ್ಲ. ಬಿದಿರಿನ ತಟ್ಟಿ ಆದೀತು, ಹಳೇ ಮನೆಯಿಂದ ಕಿತ್ತ ಕಿಟಕಿ ಬಾಗಿಲಾದೀತು, ಅಮ್ಮನ ಇಳಕಲ್ ಸೀರೆಯ ಸೆರಗೇ ಪರದೆಯಾದೀತು. ಮೂರು ವರ್ಷಕ್ಕೆ ಬೇಜಾರಾದರೆ ಬದಲಿಸಿ, ತೊಟ್ಟಿ ಅಲುಗುವುದಿಲ್ಲ.

ಸ್ಟ್ಯಾಂಡು ಗೋಡೆಗೆ ಬಂದು ನಿಂತಿತು. ಪ್ಲೈ ಮೇಲೆ ಅರ್ಧ ಇಂಚಿನ ಥರ್ಮಕೋಲ್ ಹಾಸಿ, ತೊಟ್ಟಿ ಇಟ್ಟು, ಮೊದಲು ಕಾಲು ಭಾಗ ಮಾತ್ರ ನೀರು ಬಿಡಿ. ಎರಡೂ ತುದಿಯಲ್ಲಿ ನೀರಿನ ಎತ್ತರ ಟೇಪಿನಿಂದ ಅಳೆಯಿರಿ. ವ್ಯತ್ಯಾಸ ಕಂಡರೆ ನೀರು ಖಾಲಿ ಮಾಡಿ, ತಗ್ಗಿದ ಕಾಲಿನಡಿ ತಗಡು ಕೊಡಿ. ಅಳತೆ ಸರಿಹೋದ ಮೇಲೇ ಮಿಕ್ಕ ಬಕೆಟ್ಟುಗಳು.